ದುಬೈ, ಬರ್ಲಿನ್, ಟೊರಾಂಟೊ: ನಮ್ಮ ಕಡೆಯವರು ಹೊಸ ಬದುಕಿಗೆ ಯಾವ ಊರನ್ನು ಆರಿಸಿಕೊಳ್ಳಬೇಕು?

ಪ್ರತಿ ವರ್ಷ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಇಬ್ಬರು ಮೂವರು ತರುಣರಾದರೂ ಪಾಸ್‌ಪೋರ್ಟ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಬೀದರಿನಲ್ಲಿ ನರ್ಸಿಂಗ್ ಮುಗಿಸಿದವರು, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿದವರು, ಯಾದಗಿರಿ ಕಡೆ ಐಟಿಐ ಮಾಡಿ ವೈರಿಂಗ್ ಕೆಲಸ ಹಿಡಿದವರು ಹೀಗೆ ಅವರ ಓದು ಬೇರೆ ಬೇರೆಯಾದರೂ ಕೇಳುವ ಪ್ರಶ್ನೆ ಒಂದೇ: "ಕಾಕಾ, ಯಾವ ದೇಶ ಚಲೋ ಅದ?" ನಾನು ಹನ್ನೊಂದು ವರ್ಷ ದುಬೈಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ಕಲಬುರಗಿಗೆ ಮರಳಿದವನು. ನನ್ನ ತಂಗಿ ಬರ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಅಣ್ಣನ ಮಗ ಟೊರಾಂಟೊದಲ್ಲಿ ಓದು ಮುಗಿಸಿ ಅಲ್ಲಿಯೇ ಕೆಲಸಕ್ಕೆ ಸೇರಿದ್ದಾನೆ. ಮೂರೂ ಊರುಗಳ ಸುದ್ದಿ ಮನೆಯಲ್ಲಿಯೇ ಇರುವುದರಿಂದ ಜನ ನನ್ನನ್ನು ಕೇಳುತ್ತಾರೆ ಅಷ್ಟೇ. ನಾನು ಏಜೆಂಟನೂ ಅಲ್ಲ, ಸಲಹೆಗಾರನೂ ಅಲ್ಲ.

ಅವರಿಗೆ ನಾನು ಹೇಳುವುದು ಇಷ್ಟು. ಸಂಬಳ ಎಷ್ಟು ಎಂಬುದನ್ನು ಆಮೇಲೆ ನೋಡೋಣ, ಮೊದಲ ಮೂರು ತಿಂಗಳಲ್ಲಿ ಆ ಊರು ನಿಮ್ಮಿಂದ ಏನನ್ನು ಕೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ದುಬೈ ಕಾಗದವನ್ನು ಕೇಳುತ್ತದೆ, ಅಂದರೆ ಇಳಿಯುವ ಮೊದಲೇ ಕೈಯಲ್ಲಿ ಸರಿಯಾದ ನೌಕರಿಯ ಒಪ್ಪಂದ ಇರಬೇಕು. ಬರ್ಲಿನ್ ಭಾಷೆಯನ್ನೂ ತಾಳ್ಮೆಯನ್ನೂ ಕೇಳುತ್ತದೆ. ಟೊರಾಂಟೊ ಹಣವನ್ನೂ ಅದರ ಹಿಂದೆಯೇ ಒಂದಷ್ಟು ವರ್ಷಗಳನ್ನೂ ಕೇಳುತ್ತದೆ. ನಿಮ್ಮ ಹತ್ತಿರ ಇವುಗಳಲ್ಲಿ ಯಾವುದಿದೆಯೋ ಅದಕ್ಕೆ ತಕ್ಕ ಊರೇ ನಿಮ್ಮ ಊರು.

ಹೊರಡುವ ಮುನ್ನ

ಮೂರೂ ಊರುಗಳಿಗೆ ಸಮಾನವಾದ ಒಂದು ತೊಂದರೆಯಿದೆ, ಅದು ಹೆಸರು. ನಮ್ಮ ಭಾಗದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ನಡುವೆ ಬಂದಿರುತ್ತದೆ, ಆಧಾರ್ ಕಾರ್ಡಿನಲ್ಲಿ ಮನೆತನದ ಹೆಸರು ಕೊನೆಗೆ ಸೇರಿರುತ್ತದೆ, ಪದವಿ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ಹೆಚ್ಚಾಗಿರುತ್ತದೆ, ಮದುವೆಯಾದ ಹೆಣ್ಣುಮಕ್ಕಳ ದಾಖಲೆಗಳಲ್ಲಂತೂ ತವರಿನ ಹೆಸರೂ ಗಂಡನ ಮನೆಯ ಹೆಸರೂ ಒಂದನ್ನೊಂದು ತಳ್ಳುತ್ತಿರುತ್ತವೆ. ಊರಿನಲ್ಲಿ ಇದು ಯಾರಿಗೂ ತೊಡಕಲ್ಲ. ವಿದೇಶದ ಗುಮಾಸ್ತನಿಗೆ ಮಾತ್ರ ಅವು ನಾಲ್ಕು ಬೇರೆ ಬೇರೆ ಮನುಷ್ಯರ ಹೆಸರುಗಳು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಯುಎಇ 2022ರ ನವೆಂಬರಿನಿಂದ ಸಂದರ್ಶಕ ವೀಸಾದ ಪ್ರವೇಶದಲ್ಲಿ ತಡೆ ಒಡ್ಡಿದ್ದನ್ನು ಇಲ್ಲಿ ನೆನೆಯಬೇಕು. ಆದ್ದರಿಂದ ಯಾವ ಊರಿಗೆ ಹೋಗುವವರೇ ಆಗಲಿ, ಮೊದಲು ಎಲ್ಲ ದಾಖಲೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು ಇವು ಮೂರೂ ಹೊಂದುತ್ತವೆಯೇ ಎಂದು ನೋಡಿ, ತಿದ್ದುಪಡಿಯನ್ನು ಇಲ್ಲಿಯೇ ಮುಗಿಸಿಕೊಳ್ಳಬೇಕು. ವಿಶ್ವವಿದ್ಯಾಲಯದಿಂದ ತಾತ್ಕಾಲಿಕ ಪ್ರಮಾಣಪತ್ರ ಮಾತ್ರ ಪಡೆದವರು ಘಟಿಕೋತ್ಸವದ ಮೂಲ ಪ್ರಮಾಣಪತ್ರವನ್ನು ತೆಗೆದುಕೊಂಡೇ ಹೊರಡಬೇಕು, ಏಕೆಂದರೆ ಬರ್ಲಿನ್ನಿನಲ್ಲಿ ಕುಳಿತು ಕಲಬುರಗಿಯ ಕಚೇರಿಯಿಂದ ಒಂದು ಕಾಗದ ತರಿಸಿಕೊಳ್ಳುವುದು ಎಂಥ ಕೆಲಸವೆಂಬುದನ್ನು ನನ್ನ ತಂಗಿಯ ಪರವಾಗಿ ಓಡಾಡಿದ ನಾನು ಬಲ್ಲೆ.

ಇನ್ನು ಊರಿಗೊಂದು ವಿಶೇಷ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ತಪಾಸಣೆ ಬೇಕು, ಎಂಬ ಮುದ್ರೆಯಿರುತ್ತದೆ. ಅಂಥವರು ಯುಎಇ, ಸೌದಿ, ಕತಾರ್ ಮೊದಲಾದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಸರ್ಕಾರದ ಅನುಮತಿ ಪಡೆಯಬೇಕು ಮತ್ತು 10 ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ಇದನ್ನು ಕಿರಿಕಿರಿಯೆಂದು ಬಗೆದು ಅಡ್ಡದಾರಿಯಲ್ಲಿ ಸಂದರ್ಶಕ ವೀಸಾದ ಮೇಲೆ ಹಾರುವವರು ತಮಗಿರುವ ಒಂದೇ ರಕ್ಷಣೆಯನ್ನು ತಾವೇ ಕಳಚಿಡುತ್ತಾರೆ. ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನಾನು ಮೊದಲ ಸಲ ಹೊರಟಾಗ ನಮ್ಮ ಓಣಿಗೆ ಬರುತ್ತಿದ್ದ ಒಬ್ಬ ಮಧ್ಯವರ್ತಿ ಇದರ ಹಲವು ಪಟ್ಟು ಹಣ ಪಡೆದು, ಅಂಗಡಿಯ ಲೆಕ್ಕ ಬರೆಯುವ ಕೆಲಸವೆಂದು ಹೇಳಿ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಹಚ್ಚಿದ್ದ. ಒಪ್ಪಂದದ ಪತ್ರವನ್ನು ನಾನು ಓದಿರಲಿಲ್ಲ, ಅವನು ಓದಿ ಹೇಳಿದ್ದನ್ನು ಕೇಳಿದ್ದೆ. ತಪ್ಪು ಅವನದೊಂದೇ ಅಲ್ಲ.

ಜರ್ಮನಿಗೆ ಓದಲು ಹೋಗುವ ಭಾರತೀಯರಿಗೆ, ಅವರ ಓದಿನ ದಾಖಲೆಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ಕೆಲಸಕ್ಕೆ ಹೋಗುವವರು ತಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ಅಲ್ಲಿ ಮಾನ್ಯವೇ ಎಂಬುದನ್ನು ಅನಾಬಿನ್ ಎಂಬ ಜರ್ಮನ್ ದತ್ತಾಂಶ ಪಟ್ಟಿಯಲ್ಲಿ ತಾವೇ ಹುಡುಕಿ ನೋಡಬಹುದು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಕೆನಡಾಕ್ಕೆ ಓದಲು ಹೋಗುವವರು ಕಾಲೇಜು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದೇ ಎಂದು ಕೇಳಿ ಸುಮ್ಮನಾಗಬಾರದು. ಆ ಕೋರ್ಸು ಮುಗಿದ ಮೇಲೆ ಕೆಲಸದ ಪರವಾನಗಿ ಸಿಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಎಂದು ನಂಬಿ ಹೊಲ ಮಾರಿದವರನ್ನು ನಾನು ಕಂಡಿದ್ದೇನೆ.

ಮೊದಲ ಸೂರು

ವಿಮಾನ ಇಳಿದ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬ ಪ್ರಶ್ನೆಗೆ ಮೂರೂ ಊರುಗಳು ಕೊಡುವ ಉತ್ತರ ಪೂರಾ ಬೇರೆ, ಮತ್ತು ನನ್ನ ಅನುಭವದಲ್ಲಿ ಹೊಸ ಬದುಕು ಕೂಡುವುದೂ ಕೆಡುವುದೂ ಇಲ್ಲಿಯೇ.

ದುಬೈಯಲ್ಲಿ ಕಂಪನಿಯೇ ವಸತಿ ಕೊಡುವುದಾದರೆ ಮೊದಲ ವರ್ಷ ಅದನ್ನು ಬಿಡಬಾರದು, ಕೋಣೆ ಇಕ್ಕಟ್ಟಾಗಿದ್ದರೂ ಬಿಡಬಾರದು. ಸ್ವಂತಕ್ಕೆ ಮನೆ ಹಿಡಿಯುವುದಾದರೆ ವರ್ಷದ ಬಾಡಿಗೆಯನ್ನು ಒಂದು, ಎರಡು ಅಥವಾ ನಾಲ್ಕು ಚೆಕ್ಕುಗಳಲ್ಲಿ ಮುಂಗಡವಾಗಿ ಬರೆದುಕೊಡುವ ಪದ್ಧತಿ ಅಲ್ಲಿದೆ. ಅದರ ಮೇಲೆ ಸಾಮಾನ್ಯವಾಗಿ ಶೇ 5ರಷ್ಟು ಭದ್ರತಾ ಠೇವಣಿ, ದಲ್ಲಾಳಿಯ ಕಮಿಷನ್, ನೀರು ಮತ್ತು ವಿದ್ಯುತ್ ಸಂಪರ್ಕದ ಠೇವಣಿ, ಬಾಡಿಗೆ ಕರಾರಿನ 'ಇಜಾರಿ' ನೋಂದಣಿ ಇವೆಲ್ಲ ಸೇರುತ್ತವೆ. ತಿಂಗಳ ಬಾಡಿಗೆಗೆ ರೂಢಿಯಾದ ನಮ್ಮವರು ಇದನ್ನು ಕೇಳಿ ಬೆಚ್ಚಿ, ದೇರಾ, ಬರ್ ದುಬೈ, ಸತ್ವಾ ಕಡೆಗಳಲ್ಲಿ 'ಬೆಡ್ ಸ್ಪೇಸ್' ಹಿಡಿಯುತ್ತಾರೆ. ಅಂದರೆ ಒಂದು ಕೋಣೆಯಲ್ಲಿ ನಾಲ್ಕಾರು ಮಂಚಗಳಿದ್ದು ಅದರಲ್ಲೊಂದು ಮಂಚ ಮಾತ್ರ ನಿಮ್ಮದು. ಮೆಟ್ರೊ ಆರಂಭವಾದ 2009ರಲ್ಲಿ ಅಲ್ಲಿ ಇಳಿದ ನಾನು ಮೊದಲ ಎರಡು ವರ್ಷ ಹೀಗೆಯೇ ಇದ್ದೆ, ಮತ್ತು ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಪ್ಲೈವುಡ್ ಹಲಗೆ ಕಟ್ಟಿ ಒಂದು ಕೋಣೆಯನ್ನು ನಾಲ್ಕು ಮಾಡಿದ ಮನೆಗಳಿಂದ ದೂರವಿರಬೇಕು. ಬೆಂಕಿ ಬಿದ್ದರೆ ಹೊರಬರುವ ದಾರಿಯಿರುವುದಿಲ್ಲ, ಮತ್ತು ದುಬೈ ಮುನಿಸಿಪಾಲಿಟಿ 2025ರಲ್ಲಿ ಇಂಥ ಅನಧಿಕೃತ ಕಟ್ಟೋಣಗಳನ್ನು ಕೀಳಿಸುವ ಕಾರ್ಯಾಚರಣೆ ನಡೆಸಿದಾಗ ಹಲವರು ಹಠಾತ್ತನೆ ಬೇರೆ ನೆಲೆ ಹುಡುಕಬೇಕಾಯಿತು. ಶಾರ್ಜಾದಲ್ಲಿ ಬಾಡಿಗೆ ಅಗ್ಗವೆಂದು ಅಲ್ಲಿಗೆ ಹೋಗುವವರು ದಿನದ ಎರಡು ಮೂರು ಗಂಟೆಗಳನ್ನು ರಸ್ತೆಯಲ್ಲಿ ಕಳೆಯುವ ಲೆಕ್ಕವನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು.

ಬರ್ಲಿನ್ನಿನಲ್ಲಿ ದುಡ್ಡಿದ್ದರೂ ಮನೆ ಸಿಗುವುದಿಲ್ಲ ಎಂಬ ಮಾತನ್ನು ನಾನು ಮೊದಮೊದಲು ನಂಬಿರಲಿಲ್ಲ. ಅಲ್ಲಿ ಮನೆಯ ಮಾಲೀಕ ನಿಮ್ಮ ಮೂರು ತಿಂಗಳ ಸಂಬಳದ ಚೀಟಿ, ಸಾಲ ತೀರಿಸಿದ ಚರಿತ್ರೆಯನ್ನು ತೋರಿಸುವ 'ಶೂಫಾ' ಪತ್ರ, ಹಿಂದಿನ ಮನೆಯವರ ಪತ್ರ ಕೇಳುತ್ತಾನೆ, ಮತ್ತು ನಿನ್ನೆ ಬಂದಿಳಿದವರ ಹತ್ತಿರ ಇವು ಯಾವುವೂ ಇರುವುದಿಲ್ಲ. ಠೇವಣಿಗೆ ಮಾತ್ರ ಕಾನೂನಿನ ಮಿತಿಯಿದೆ: ತಾಪನ, ನೀರು ಮೊದಲಾದವುಗಳನ್ನು ಬಿಟ್ಟ 'ತಣ್ಣನೆಯ ಬಾಡಿಗೆ'ಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ ಎಂಬುದು ನಮ್ಮವರಿಗೆ ಅಚ್ಚರಿಯ ಸಂಗತಿ. ಹಿಂದಿನವರು ಒಲೆ, ಕಪಾಟು, ತೊಟ್ಟಿ ಎಲ್ಲವನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ, ಗೋಡೆಯಲ್ಲಿ ಕೊಳವೆ ಮಾತ್ರ ಉಳಿದಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ವಿಳಾಸದ ನೋಂದಣಿ. ಮನೆಗೆ ಹೊಕ್ಕ ಎರಡು ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ 'ಆನ್‌ಮೆಲ್ಡುಂಗ್' ಮಾಡಿಸಬೇಕು, ಅದಕ್ಕೆ ಮಾಲೀಕ ಸಹಿ ಮಾಡಿದ ಪತ್ರ ಬೇಕು. ತೆರಿಗೆಯ ಸಂಖ್ಯೆ ಆ ನೋಂದಣಿಯ ನಂತರ ಅಂಚೆಯಲ್ಲಿ ಮನೆಗೆ ಬರುತ್ತದೆ, ಅದು ಬಾರದಿದ್ದರೆ ಸಂಬಳದಿಂದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ. ಅಂಚೆಯವನು ಫ್ಲ್ಯಾಟಿನ ಸಂಖ್ಯೆ ನೋಡುವುದಿಲ್ಲ, ಪೆಟ್ಟಿಗೆಯ ಮೇಲೆ ಬರೆದ ಹೆಸರನ್ನು ನೋಡುತ್ತಾನೆ. ನನ್ನ ತಂಗಿ ಗೆಳತಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು, ಅಂಚೆಪೆಟ್ಟಿಗೆಯ ಮೇಲೆ ತನ್ನ ಹೆಸರು ಅಂಟಿಸಬೇಕೆಂದು ಅವಳಿಗೆ ತಿಳಿಯದೆ ಐದು ವಾರ ಯಾವ ಪತ್ರವೂ ಬರಲಿಲ್ಲ. ಎಲ್ಲ ವಾಪಸ್ಸು ಹೋಗಿದ್ದವು. ಆದ್ದರಿಂದ ಬರ್ಲಿನ್ನಿಗೆ ಹೋಗುವವರು ಯಾವುದೇ ಕೋಣೆಯನ್ನು ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಲ್ಲ, ಇಲ್ಲಿ ವಿಳಾಸ ನೋಂದಾಯಿಸಲು ಬಿಡುತ್ತೀರಾ ಎಂಬುದು. ಮಾಲೀಕ ತಾನು ಪರದೇಶದಲ್ಲಿದ್ದೇನೆ, ಠೇವಣಿ ಕಳಿಸಿದರೆ ಕೀಲಿಕೈಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎಂದರೆ ಅದು ಮೋಸವೇ, ಎರಡನೆಯ ಮಾತಿಲ್ಲ.

ಟೊರಾಂಟೊ ಈ ಎರಡರ ನಡುವಿನ ಊರು. ಒಂಟಾರಿಯೊ ಪ್ರಾಂತದ ಕಾನೂನಿನಂತೆ ಮಾಲೀಕ ಮೊದಲ ತಿಂಗಳ ಬಾಡಿಗೆಯ ಜೊತೆಗೆ ಕೊನೆಯ ತಿಂಗಳ ಬಾಡಿಗೆಯನ್ನು ಮಾತ್ರ ಮುಂಗಡವಾಗಿ ಪಡೆಯಬಹುದು, ಮನೆ ಹಾಳಾದರೆ ಎಂದು ಪ್ರತ್ಯೇಕ ಠೇವಣಿ ಕೇಳುವಂತಿಲ್ಲ. 2018ರ ಏಪ್ರಿಲ್ 30ರಿಂದ ಹೆಚ್ಚಿನ ಮನೆಗಳಿಗೆ ಪ್ರಾಂತ ಸರ್ಕಾರದ ನಿಗದಿತ ಕರಾರು ನಮೂನೆಯೇ ಬಳಕೆಯಲ್ಲಿರಬೇಕು. ಕಾಗದದ ಮೇಲೆ ಇಷ್ಟೊಂದು ರಕ್ಷಣೆಯಿದ್ದರೂ ಹೊಸಬರು ಬ್ರಾಂಪ್ಟನ್ ಮತ್ತು ಸ್ಕಾರ್ಬರೊ ಕಡೆಯ ನೆಲಮಾಳಿಗೆಗಳಲ್ಲಿ, ಕೈಯಿಂದ ಕೈಗೆ ಹಣ ಕೊಟ್ಟು, ಕರಾರೇ ಇಲ್ಲದೆ ಇರುತ್ತಾರೆ; ಅಣ್ಣನ ಮಗನೂ ಮೊದಲ ಎಂಟು ತಿಂಗಳು ಹಾಗೆಯೇ ಇದ್ದ. ನೆಲಮಾಳಿಗೆಯ ಮನೆ ನೋಡಲು ಹೋದಾಗ ಕಿಟಕಿಯಿಂದ ಒಬ್ಬ ದೊಡ್ಡ ಮನುಷ್ಯ ಹೊರಬರಲು ಸಾಧ್ಯವೇ, ಹೊಗೆ ಸೂಚಕ ಕೆಲಸ ಮಾಡುತ್ತದೆಯೇ, ತಾಪನದ ಗುಂಡಿ ಯಾರ ಕೈಯಲ್ಲಿದೆ ಎಂಬ ಮೂರನ್ನು ನೋಡಬೇಕು. ಮೇಲಿನ ಮನೆಯವರು ಬೆಚ್ಚಗಿದ್ದು ಕೆಳಗಿನವರು ಜನವರಿಯಲ್ಲಿ ಜಾಕೆಟ್ ತೊಟ್ಟು ಮಲಗುವುದು ಅಪರೂಪವೇನಲ್ಲ.

ಮೂರೂ ಕಡೆ ಇರುವ ಇನ್ನೊಂದು ಆಯ್ಕೆ ಬಂಧುಗಳ ಮನೆ. ನಮ್ಮಲ್ಲಿ ದೂರದ ನೆಂಟನೂ ನೆಂಟನೇ ಆದ್ದರಿಂದ ಹೊರಡುವ ಮೊದಲೇ ಯಾರದೋ ಬೀಗರ ಅಳಿಯನ ವಿಳಾಸ ಕೈಗೆ ಬಂದಿರುತ್ತದೆ. ಅದನ್ನು ಹತ್ತು ದಿನಗಳಿಗೆ ಬಳಸಿಕೊಳ್ಳಿ, ಹನ್ನೊಂದನೆಯ ದಿನಕ್ಕೆ ಬೇಡ. ಅಲ್ಲಿ ಕೆಲಸದಾಳು ಇರುವುದಿಲ್ಲ, ಕೋಣೆಗಳು ಚಿಕ್ಕವು, ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಊರಿನಲ್ಲಿ ಕಟ್ಟಿದ ಬಾಂಧವ್ಯ ಪರದೇಶದ ಒಂದೇ ಬಚ್ಚಲುಮನೆಯ ಮುಂದೆ ಮುರಿದದ್ದನ್ನು ಕಂಡಿದ್ದೇನೆ.

ಭಾಷೆ ಮತ್ತು ಕೆಲಸ

ದುಬೈಯಲ್ಲಿ ನಮ್ಮ ಭಾಗದವರಿಗೆ ಬೇರೆ ಕನ್ನಡಿಗರಿಗಿಲ್ಲದ ಒಂದು ಅನುಕೂಲವಿದೆ. ಕಲಬುರಗಿ, ಬೀದರಿನ ಪೇಟೆಯಲ್ಲಿ ಬೆಳೆದವನಿಗೆ ದಖನಿ ಉರ್ದು ಕಿವಿಗೆ ಬಿದ್ದೇ ಇರುತ್ತದೆ, ಮತ್ತು ಅಷ್ಟೇ ಬಂಡವಾಳದಿಂದ ಅಲ್ಲಿನ ಟ್ಯಾಕ್ಸಿಯವನು, ಕಿರಾಣಿ ಅಂಗಡಿಯವನು, ಮೇಸ್ತ್ರಿ, ಕಾವಲುಗಾರ ಎಲ್ಲರೊಡನೆ ಮೊದಲ ದಿನದಿಂದಲೇ ಮಾತು ಸಾಗುತ್ತದೆ. ಅರಬ್ಬಿ ಬಾರದಿದ್ದರೂ ನಡೆಯುತ್ತದೆ, ಇಂಗ್ಲಿಷ್ ಅರೆಬರೆ ಬಂದರೂ ನಡೆಯುತ್ತದೆ. ಕಾನೂನಿನ ಮಟ್ಟಿಗೆ ತಿಳಿದಿರಬೇಕಾದದ್ದು ಕೆಲವೇ: 2022ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನಂತೆ ಪರೀಕ್ಷಾರ್ಥ ಅವಧಿ ಆರು ತಿಂಗಳು ಮೀರುವಂತಿಲ್ಲ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ, ನಂತರ 30 ದಿನಗಳ ಮೂಲ ವೇತನದಷ್ಟು ಗ್ರಾಚ್ಯುಟಿ ಸಿಗಬೇಕು, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ನಿಮ್ಮ ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಗ್ರಾಚ್ಯುಟಿಯ ಲೆಕ್ಕ ಮೂಲ ವೇತನದ ಮೇಲೆ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಒಟ್ಟು ಸಂಬಳ ದೊಡ್ಡದಾಗಿ ಕಾಣಿಸಿ ಮೂಲ ವೇತನವನ್ನು ಚಿಕ್ಕದಾಗಿ ಬರೆಯುವುದು ಅಲ್ಲಿನ ಹಳೆಯ ಜಾಣತನ.

ಬರ್ಲಿನ್ನಿನ ಸಂಗತಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಗ್ಲಿಷ್ ಸಾಕಾಗಬಹುದು, ಆದರೆ ಕಚೇರಿಯ ಬಾಗಿಲಿನ ಹೊರಗೆ ಸಿಗುವ ನೋಟಿಸು, ಬಿಲ್ಲು, ವಿಮೆಯ ಪತ್ರ ಎಲ್ಲವೂ ಜರ್ಮನ್. ನರ್ಸ್‌ಗಳಿಗಂತೂ ಸಾಮಾನ್ಯವಾಗಿ ಬಿ-2 ಮಟ್ಟದ (ಎ-1ರಿಂದ ಸಿ-2ರವರೆಗಿನ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು) ಜರ್ಮನ್ ಬೇಕು, ಪದವಿಗೆ ಮಾನ್ಯತೆ ಸಿಗುವವರೆಗೆ ಸಹಾಯಕಿಯಾಗಿ ಕಡಿಮೆ ಸಂಬಳಕ್ಕೆ ದುಡಿಯಬೇಕಾಗುತ್ತದೆ. ನನ್ನ ತಂಗಿ ಹುಮನಾಬಾದಿನ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಭಾಷೆ ಕಲಿತಳು, ಪರೀಕ್ಷೆಗೆ ಹೈದರಾಬಾದಿಗೆ ಹೋಗಿ ಬಂದಳು, ಒಮ್ಮೆ ನಪಾಸಾಗಿ ಮತ್ತೊಮ್ಮೆ ಬರೆದಳು. ಒಟ್ಟು ಎರಡು ವರ್ಷಗಳ ಸಿದ್ಧತೆ. ಭಾಷೆ ಕಲಿತು ಹೋದವರಿಗೆ ಊರು ಬೇಗ ತೆರೆದುಕೊಳ್ಳುತ್ತದೆ, ಅಲ್ಲಿ ಹೋಗಿ ಕಲಿತರಾಯಿತು ಎಂದವರು ಐದು ವರ್ಷ ಕಳೆದರೂ ಭಾರತೀಯರ ಅಂಗಡಿ ಮತ್ತು ಕಚೇರಿಯ ನಡುವೆಯೇ ಓಡಾಡುತ್ತಿರುತ್ತಾರೆ.

ಟೊರಾಂಟೊದಲ್ಲಿ ಭಾಷೆಯ ತೊಡಕಿಲ್ಲ ಎನ್ನುತ್ತಾರೆ, ಅದು ಅರ್ಧ ನಿಜ. ಇಂಗ್ಲಿಷ್ ಬಂದರೂ ಅಲ್ಲಿನ ಅನುಭವವಿಲ್ಲ ಎಂಬ ಕಾರಣಕ್ಕೆ ನಮ್ಮ ಎಂಜಿನಿಯರುಗಳು ಮೊದಲ ವರ್ಷ ಗೋದಾಮಿನಲ್ಲಿಯೋ ಕಾಫಿ ಅಂಗಡಿಯಲ್ಲಿಯೋ ಕೆಲಸ ಮಾಡುವುದು ಸಾಮಾನ್ಯ. ಓದುತ್ತಿರುವ ವಿದ್ಯಾರ್ಥಿಗೆ ತರಗತಿಗಳು ನಡೆಯುವ ದಿನಗಳಲ್ಲಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಲು ಅನುಮತಿಯಿದೆ, ಆ ದುಡಿಮೆಯಿಂದ ಕಾಲೇಜಿನ ಶುಲ್ಕ ಕಟ್ಟುತ್ತೇನೆ ಎಂಬ ಲೆಕ್ಕ ಯಾವತ್ತೂ ಕೂಡುವುದಿಲ್ಲ.

ಇಲ್ಲೊಂದು ಮಾತು ಅಡ್ಡವಾಗಿ ಹೇಳಬೇಕೆನಿಸುತ್ತದೆ. ಬೀದರ್ ಒಂದು ಕಾಲಕ್ಕೆ ಪರದೇಶಿಗಳು ಬಂದಿಳಿಯುತ್ತಿದ್ದ ಊರು. ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗಾವಾನ್ ಬಹಮನಿ ರಾಜ್ಯದ ಪ್ರಧಾನಿಯಾಗಿ 1472ರಲ್ಲಿ ಮದರಸಾ ಕಟ್ಟಿಸಿದ. ರಷ್ಯಾದ ಅಫಾನಾಸಿ ನಿಕಿತಿನ್ ಅದೇ ಕಾಲದಲ್ಲಿ ಒಂದು ಕುದುರೆಯನ್ನು ಹೊಡೆದುಕೊಂಡು ಬಂದು ಬೀದರಿನಲ್ಲಿ ಮಾರಿದ. ಹೊರಗಿನಿಂದ ಬಂದ ಆಫಾಕಿಗಳು ಒಂದು ಕಡೆ, ಇಲ್ಲಿಯವರಾದ ದಖನಿಗಳು ಒಂದು ಕಡೆ ಎಂದು ಆಸ್ಥಾನ ಒಡೆದಿತ್ತು. ಗಾವಾನ್ ಎರಡೂ ಬಣಗಳಿಗೆ ಅಧಿಕಾರ ಹಂಚಿ ಸರಿದೂಗಿಸಲು ನೋಡಿದನಾದರೂ ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರದಿಂದಾಗಿ 1481ರಲ್ಲಿ ತಲೆ ಕಳೆದುಕೊಂಡ. ಇಂದಿನ ಊರುಗಳಲ್ಲಿ ತಲೆಯೇನೂ ಹೋಗುವುದಿಲ್ಲ, ಆದರೆ ಬಂದವರು ತಮ್ಮವರ ಗುಂಪಿನಲ್ಲಿಯೇ ಉಳಿಯಬೇಕೋ ಊರಿನವರೊಡನೆ ಬೆರೆಯಬೇಕೋ ಎಂಬ ಪ್ರಶ್ನೆ ಅಂದಿನದೇ. ದುಬೈಯಲ್ಲಿ ನಮ್ಮವರ ಗುಂಪಿನಲ್ಲಿಯೇ ಇದ್ದು ಬದುಕು ಮುಗಿಸಬಹುದು, ಟೊರಾಂಟೊದಲ್ಲಿ ಕೆಲವು ವರ್ಷ ಇರಬಹುದು, ಬರ್ಲಿನ್ನಿನಲ್ಲಿ ಆರು ತಿಂಗಳೂ ಆಗುವುದಿಲ್ಲ.

ಹಣದ ಲೆಕ್ಕ

ದುಬೈಗೆ ಹೋಗುವವರಿಗೆ ಕೈಯಲ್ಲಿ ಒಂದೆರಡು ತಿಂಗಳ ಊಟದ ಹಣವಿದ್ದರೆ ನಡೆಯುತ್ತದೆ, ಏಕೆಂದರೆ ವೀಸಾ ಮತ್ತು ನೇಮಕಾತಿಯ ವೆಚ್ಚ ಕಂಪನಿಯದೇ ಆಗಿರಬೇಕು. ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ದಿರ್ಹಾಮ್ ಡಾಲರಿಗೆ ಕಟ್ಟಿಕೊಂಡಿರುವುದರಿಂದ ರೂಪಾಯಿ ಇಳಿದಾಗಲೆಲ್ಲ ಊರಿಗೆ ಕಳಿಸುವ ಹಣ ಹಿಗ್ಗುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಾಮ್, ಅಥವಾ ಕಂಪನಿ ವಸತಿ ಕೊಟ್ಟಿದ್ದರೆ 3,000 ದಿರ್ಹಾಮ್ ಸಂಬಳ ಬೇಕೆಂಬುದು ಕಾಗದದ ನಿಯಮ. ಆ ಸಂಬಳದಲ್ಲಿ ಸಂಸಾರ ನಡೆಸುವುದು ಮಾತ್ರ ಆಗದ ಮಾತು, ಶಾಲೆಯ ಶುಲ್ಕವೊಂದೇ ಅದನ್ನು ತಿಂದುಹಾಕುತ್ತದೆ.

ಬರ್ಲಿನ್ನಿಗೆ ಓದಲು ಹೋಗುವವರು ವರ್ಷದ ಖರ್ಚಿಗೆಂದು 11,904 ಯೂರೊ ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಇದೆ. ತಿಂಗಳಿಗೆ 992 ಯೂರೊ ಮಾತ್ರ ಹೊರಬರುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕೋರ್ಸುಗಳಿಗೆ ಬೋಧನಾ ಶುಲ್ಕವಿಲ್ಲದಿರುವುದರಿಂದ ಈ ಹಣ ನಿಮ್ಮ ಹೊಟ್ಟೆಗೇ ಹೋಗುತ್ತದೆ. ಟೊರಾಂಟೊದಲ್ಲಿ ಹಾಗಲ್ಲ. 2025ರ ಸೆಪ್ಟೆಂಬರಿನಿಂದ ಜೀವನ ವೆಚ್ಚಕ್ಕೆ ತೋರಿಸಬೇಕಾದ ಮೊತ್ತವೇ 22,895 ಕೆನಡಾ ಡಾಲರ್, ಅಂದರೆ ಸುಮಾರು 14 ಲಕ್ಷ ರೂಪಾಯಿ, ಅದರ ಮೇಲೆ ಕಾಲೇಜಿನ ಶುಲ್ಕ ಬೇರೆ. ತೊಗರಿ ಕೈಕೊಟ್ಟ ವರ್ಷ ಹೊಲದ ಮೇಲೆ ಸಾಲ ತೆಗೆದು ಮಗನನ್ನು ಟೊರಾಂಟೊಗೆ ಕಳಿಸುವ ತಂದೆಗೆ ನಾನು ಬೇಡವೆಂದೇ ಹೇಳುತ್ತೇನೆ. ಸಾಲದ ಬಡ್ಡಿ ಮೊದಲ ತಿಂಗಳಿನಿಂದ ಓಡುತ್ತದೆ, ಮಗನ ಸಂಬಳ ಮೂರನೆಯ ವರ್ಷದಿಂದ.

ಊರು ಬಿಟ್ಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಂಡು, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಬೇಕೆಂಬುದನ್ನು ಎಲ್ಲರೂ ಮರೆಯುತ್ತಾರೆ. ಬ್ಯಾಂಕಿನವರು ತಾವಾಗಿ ನೆನಪಿಸುವುದಿಲ್ಲ.

ಹವೆ ಮತ್ತು ಚೀಲ

ಕಲಬುರಗಿಯ 43 ಡಿಗ್ರಿ ಬಿಸಿಲಿನಲ್ಲಿ ಬೆಳೆದವನಿಗೆ ದುಬೈ ಏನು ಲೆಕ್ಕ ಎಂದು ನಾನೂ ಅಂದುಕೊಂಡಿದ್ದೆ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಜೀವ ತಣ್ಣಗಾಗುತ್ತದೆ. ಅಲ್ಲಿನದು ಕಡಲ ತೇವ ಸೇರಿದ ಸೆಕೆ, ಆಗಸ್ಟಿನ ನಡುರಾತ್ರಿಯೂ ಅಂಗಿ ಮೈಗೆ ಅಂಟಿಕೊಂಡಿರುತ್ತದೆ. ಟೊರಾಂಟೊದ ಚಳಿ ಮೈನಸ್ 20ಕ್ಕೆ ಇಳಿಯುವುದುಂಟು, ಆದರೆ ಮನೆ, ಬಸ್ಸು, ಅಂಗಡಿ ಎಲ್ಲವೂ ಬೆಚ್ಚಗಿರುತ್ತವೆ. ಚಳಿಯ ಕೋಟು ಬೂಟುಗಳನ್ನು ಇಲ್ಲಿ ಕೊಳ್ಳಬೇಡಿ, ಅಲ್ಲಿಯ ಹಳೆಯ ಬಟ್ಟೆಗಳ ಅಂಗಡಿಯಲ್ಲಿ ಅರ್ಧ ಬೆಲೆಗೆ ಇನ್ನೂ ಒಳ್ಳೆಯವು ಸಿಗುತ್ತವೆ. ಬರ್ಲಿನ್ನಿನಲ್ಲಿ ಕಾಡುವುದು ಚಳಿಗಿಂತ ಕತ್ತಲೆ: ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತದೆ, ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಮೊದಲ ಭಾನುವಾರ ತಂಗಿಯ ಮನೆಯಲ್ಲಿ ಹಾಲೂ ಇರಲಿಲ್ಲ.

ಚೀಲ ಕಟ್ಟುವಾಗ ಒಂದು ಎಚ್ಚರಿಕೆ. ಗಸಗಸೆಯನ್ನು ಯುಎಇಗೆ ಒಯ್ಯುವಂತಿಲ್ಲ, ಅದು ಅಲ್ಲಿ ಮಾದಕ ವಸ್ತುವಿನ ಲೆಕ್ಕ. ತಾಯಂದಿರು ಮಸಾಲೆ ಪುಡಿಯ ಜೊತೆಗೆ ಒಂದು ಪೊಟ್ಟಣ ಸೇರಿಸಿಬಿಟ್ಟರೆ ವಿಮಾನ ನಿಲ್ದಾಣದಿಂದ ನೇರ ಪೊಲೀಸರ ಕೈಗೆ ಹೋಗಬೇಕಾದೀತು. ಕೊಡೀನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಕ್ಕೂ ಇದೇ ಕಟ್ಟುನಿಟ್ಟು. ಜರ್ಮನಿಗೆ ತುಪ್ಪ, ಪೇಡೆ, ಖೋವಾ ಸೇರಿ ಹಾಲಿನ ಯಾವ ಪದಾರ್ಥವನ್ನೂ ಒಯ್ಯುವಂತಿಲ್ಲ. ಕೆನಡಾದಲ್ಲಿ ತಿಂಡಿಯೆಲ್ಲವನ್ನೂ ಘೋಷಿಸಿಬಿಡುವುದು ಕ್ಷೇಮ. ಶೇಂಗಾ ಹಿಂಡಿಗೆ ಎಲ್ಲಿಯೂ ಅಡ್ಡಿಯಾದದ್ದನ್ನು ನಾನು ಕೇಳಿಲ್ಲ. ಜೋಳದ ಹಿಟ್ಟು ದುಬೈಯಲ್ಲಿಯೂ ಬ್ರಾಂಪ್ಟನ್ನಿನಲ್ಲಿಯೂ ಸಲೀಸಾಗಿ ಸಿಗುತ್ತದೆ, ಆದರೆ ಹಳೆಯ ಹಿಟ್ಟಾದ್ದರಿಂದ ರೊಟ್ಟಿ ಬಡಿಯುವಾಗ ಬಿರಿಯುತ್ತದೆ. ಕುದಿಯುವ ನೀರು ಹಾಕಿ ನಾದಬೇಕು.

ಉಳಿಯುವವರು, ಮರಳುವವರು

ದುಬೈಯ ವೀಸಾ ನೌಕರಿಗೆ ಕಟ್ಟಿಕೊಂಡದ್ದು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನವೀಕರಣ. ಕೆಲಸ ಹೋದರೆ ಗಡುವಿನೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಹೊರಡಬೇಕು. ಎಷ್ಟು ವರ್ಷ ದುಡಿದರೂ ಪೌರತ್ವದ ಮಾತು ಸಾಮಾನ್ಯರಿಗೆ ಇಲ್ಲ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಎಂಬ ಕೆಲಸ ಮತ್ತು ವಾಸದ ಪರವಾನಗಿ ಪಡೆದ ನುರಿತ ಕೆಲಸಗಾರನಿಗೆ ಬಿ-1 ಜರ್ಮನ್ ಬಂದರೆ 21 ತಿಂಗಳಿಗೆ, ಎ-1 ಮಾತ್ರ ಬಂದರೆ 27 ತಿಂಗಳಿಗೆ ಶಾಶ್ವತ ವಾಸದ ಅರ್ಹತೆ ಬರುತ್ತದೆ. ಭಾಷೆಗೆ ಅಲ್ಲಿರುವ ಬೆಲೆ ಆರು ತಿಂಗಳು ಎಂದು ತಂಗಿ ನಗುತ್ತಾಳೆ. ಪೌರತ್ವಕ್ಕೆ ಐದು ವರ್ಷ. ಕೆನಡಾದಲ್ಲಿ ಶಾಶ್ವತ ವಾಸ ಸಿಕ್ಕ ಮೇಲೆ ಐದು ವರ್ಷಗಳಲ್ಲಿ 1,095 ದಿನ ಅಲ್ಲಿ ಇದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಶಾಶ್ವತ ವಾಸವನ್ನು ಕೊಡುವ ಅಂಕಗಳ ಪೈಪೋಟಿ ಈಚೆಗೆ ತೀರ ಬಿಗಿಯಾಗಿದೆ. ಏಕಕಾಲಕ್ಕೆ ಎರಡು ದೇಶಗಳ ಪೌರತ್ವವನ್ನು ಭಾರತ ಒಪ್ಪುವುದಿಲ್ಲವಾದ್ದರಿಂದ ಜರ್ಮನಿ, ಕೆನಡಾದ ಪಾಸ್‌ಪೋರ್ಟ್ ಪಡೆದವರು ನಮ್ಮದನ್ನು ಒಪ್ಪಿಸಿ ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಹಿಡಿಯಬೇಕು.

ಇಷ್ಟನ್ನು ಇಟ್ಟುಕೊಂಡು ನನ್ನ ಅಭಿಪ್ರಾಯ ಹೀಗಿದೆ. ಮನೆಯ ಸಾಲ ತೀರಿಸಬೇಕು, ತಂಗಿಯ ಮದುವೆ ಮಾಡಬೇಕು, ಆಮೇಲೆ ಊರಿಗೆ ಬಂದು ನೆಲೆಸಬೇಕು ಎನ್ನುವವರಿಗೆ ದುಬೈ. ಆದರೆ ಎಂಟು ಹತ್ತು ವರ್ಷಗಳ ಮಿತಿಯನ್ನು ಹೋಗುವಾಗಲೇ ಹಾಕಿಕೊಳ್ಳಬೇಕು. ಇಪ್ಪತ್ತೈದರ ಆಸುಪಾಸಿನಲ್ಲಿದ್ದು, ಎರಡು ವರ್ಷ ಕಾದು ಭಾಷೆ ಕಲಿಯುವ ಮನಸ್ಸಿರುವ ನರ್ಸ್, ಎಂಜಿನಿಯರುಗಳಿಗೆ ಬರ್ಲಿನ್. ಮೂರರಲ್ಲಿ ಕಡಿಮೆ ದುಡ್ಡಿನಲ್ಲಿ ಹೆಚ್ಚು ದೂರ ಸಾಗುವ ದಾರಿ ಅದೇ ಎಂದು ಈಗ ನನಗೆ ಅನಿಸುತ್ತದೆ, ಹತ್ತು ವರ್ಷಗಳ ಹಿಂದೆ ಕೇಳಿದ್ದರೆ ಟೊರಾಂಟೊ ಎನ್ನುತ್ತಿದ್ದೆ. ಟೊರಾಂಟೊ ಸಾಲವಿಲ್ಲದೆ ಹೋಗಬಲ್ಲವರಿಗೆ ಮತ್ತು ಮಕ್ಕಳನ್ನು ಅಲ್ಲಿಯೇ ಬೆಳೆಸುವ ನಿರ್ಧಾರ ಮಾಡಿದ ದಂಪತಿಗಳಿಗೆ.

ವಯಸ್ಸಾದ ತಂದೆ ತಾಯಿ ಇರುವ ಒಬ್ಬನೇ ಮಗನ ಲೆಕ್ಕ ಬೇರೆ. ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದಿನಿಂದ ದುಬೈಗೆ ವಿಮಾನದಲ್ಲಿ ನಾಲ್ಕು ಗಂಟೆ, ಶಂಷಾಬಾದಿನಿಂದ ಬೀದರಿಗೆ ರಸ್ತೆಯಲ್ಲಿ ಮೂರು ಗಂಟೆ. ನಮ್ಮ ತಂದೆ ತೀರಿಕೊಂಡ ಸುದ್ದಿ ನನಗೆ ಸಂಜೆ ಮುಟ್ಟಿತು, ಮರುದಿನ ಮಧ್ಯಾಹ್ನದ ಮಣ್ಣಿಗೆ ನಾನಿದ್ದೆ. ತಂಗಿ ಮೂರನೆಯ ದಿನ ಬಂದಳು. ಟೊರಾಂಟೊದಲ್ಲಿದ್ದ ಅಣ್ಣನ ಮಗನಿಗೆ ಆಗ ವೀಸಾ ನವೀಕರಣ ನಡೆಯುತ್ತಿತ್ತು, ಹೊರಗೆ ಹೋದರೆ ಮರಳುವುದು ಕಷ್ಟವೆಂದು ಬರಲೇ ಇಲ್ಲ. ಕೆನಡಾ ತಂದೆ ತಾಯಿಯರಿಗೆ ಒಂದು ಸಲಕ್ಕೆ ಐದು ವರ್ಷದವರೆಗೂ ಉಳಿಯಬಹುದಾದ ಸೂಪರ್ ವೀಸಾ ಕೊಡುತ್ತದೆ ನಿಜ, ಆದರೆ ಶರಣಬಸವೇಶ್ವರರ ಗುಡಿಗೆ ಸೋಮವಾರ ತಪ್ಪಿಸದ ನಮ್ಮ ಅತ್ತಿಗೆಯಂಥವರು ಅಲ್ಲಿ ಐದು ತಿಂಗಳು ನಿಂತರೆ ಹೆಚ್ಚು.

ಕೊನೆಗೆ ಗಡಿಯಾರದ ಮಾತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಆದ್ದರಿಂದ ಊಟದ ಹೊತ್ತಿಗೆ ಮಾತಾಡಬಹುದು. ಬರ್ಲಿನ್ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಟೊರಾಂಟೊದಲ್ಲಿ ಚಳಿಗಾಲದ ರಾತ್ರಿ ಒಂಬತ್ತಾದಾಗ ಕಲಬುರಗಿಯಲ್ಲಿ ಮರುದಿನದ ಬೆಳಗಿನ ಏಳೂವರೆ. ಅತ್ತಿಗೆ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ರೊಟ್ಟಿ ಬಡಿಯುತ್ತಲೇ ಮಗನೊಡನೆ ಮಾತಾಡುತ್ತಾರೆ, ಅವನು ಅಲ್ಲಿ ಅನ್ನ ಬಿಸಿ ಮಾಡಿಕೊಳ್ಳುತ್ತಿರುತ್ತಾನೆ.